ಸಬ್‌ಟೈಟಲ್ ಆರಿಸಿದ ಮೇಲೆ

ಮರಾಠಿಯಲ್ಲಿ ಅಕ್ಕನಿಗೆ ‘ತಾಈ’ ಎನ್ನುತ್ತಾರೆ. ಗದಗಿನಿಂದ ಔರಂಗಾಬಾದಿಗೆ ಕೆಲಸಕ್ಕೆಂದು ಬಂದ ಹೊಸತರಲ್ಲಿ ನನಗಿದು ಗೊತ್ತಿರಲಿಲ್ಲ. (ಊರಿನ ಹೆಸರು ಈಗ ಛತ್ರಪತಿ ಸಂಭಾಜಿನಗರ. ನನ್ನ ಬಾಯಿಗೆ ಇನ್ನೂ ಹಳೆಯದೇ ಮೊದಲು ಬರುತ್ತದೆ.) ತರಕಾರಿ ಮಾರುವ ಮುದುಕ ‘ಕಾಯ್ ಪಾಹಿಜೆ, ತಾಈ?’ ಎಂದು ಕೇಳಿದಾಗ ನನಗೆ ಕೇಳಿಸಿದ್ದು ‘ತಾಯಿ’. ನಮ್ಮ ಕಡೆಯವರ ಹಾಗೆ ಇವರೂ ಹೆಣ್ಣುಮಕ್ಕಳನ್ನು ತಾಯಿ ಎಂದೇ ಮಾತಾಡಿಸುತ್ತಾರಲ್ಲ ಎಂದು ಆರು ತಿಂಗಳು ಹಿಗ್ಗಿದೆ. ಕಿವಿಯ ಗುಣವೇ ಹಾಗೆ. ಹೊಸ ಸದ್ದನ್ನು ತನಗೆ ಗೊತ್ತಿರುವ ಅಚ್ಚಿಗೆ ಒತ್ತಿಬಿಡುತ್ತದೆ, ಒತ್ತಿದ್ದನ್ನು ನಮಗೆ ಹೇಳುವುದೂ ಇಲ್ಲ.

ಆ ತಪ್ಪಿನಿಂದ ಯಾರಿಗೂ ನಷ್ಟವಾಗಲಿಲ್ಲ. ಮುಂದಿನದರಿಂದ ಆಯಿತು.

ನಾನು ವಾಳೂಜಿನ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ, ಆಮೇಲೆ ಎಂಜಿನಿಯರಿಂಗ್. ಇಂಗ್ಲಿಷ್ ಪುಸ್ತಕ ಓದುತ್ತಿದ್ದೆ, ಇಮೇಲ್ ಚೆನ್ನಾಗಿಯೇ ಬರೆಯುತ್ತಿದ್ದೆ. ಒಂದು ಸಂಜೆ ಅಮೆರಿಕದ ಗಿರಾಕಿಯ ಎಂಜಿನಿಯರ್ ಫೋನಿನಲ್ಲಿ ಸಿಕ್ಕ. ಬಿಡಿಭಾಗದ ಒಳಅಂಚಿನಲ್ಲಿ ಸಣ್ಣ ಬರ್ ಉಳಿದಿತ್ತು, ಅದು ನಡೆಯುತ್ತದೆಯೇ ಎಂದು ಕೇಳಿದೆ. ಅವನು ‘ವೀ ಕ್ಯಾನ್ ಅಕ್ಸೆಪ್ಟ್ ಇಟ್’ ಎಂದ. ಸರಕು ಹೊರಟಿತು. ಕೆಲವು ವಾರಗಳಲ್ಲಿ ಹೋದಷ್ಟೂ ತಿರುಗಿ ಬಂತು. ಅವನು ಹೇಳಿದ್ದು ಆಗುವುದಿಲ್ಲ ಎಂದು.

ನಾವು ಶಾಲೆಯಲ್ಲಿ ಕಲಿತದ್ದು ‘ಕ್ಯಾನ್’ ಮತ್ತು ‘ಕಾಂಟ್’. ಅಮೆರಿಕದವರ ಬಾಯಲ್ಲಿ ‘ಆಗುತ್ತದೆ’ ಎನ್ನುವ ‘ಕ್ಯಾನ್’ ಕುಗ್ಗಿ ‘ಕನ್’ ಆಗಿರುತ್ತದೆ, ಕೆಲವೊಮ್ಮೆ ಬರೀ ‘ಕ್ನ್’. ‘ಆಗದು’ ಎನ್ನುವುದು ಪೂರ್ತಿ ಒತ್ತು ಪಡೆದ ‘ಕ್ಯಾನ್ಟ್’, ಕೊನೆಯ ಟಕಾರ ಗಂಟಲಲ್ಲೇ ನಿಂತುಬಿಡುತ್ತದೆ. ಅಂದರೆ ಸ್ಪಷ್ಟವಾಗಿ ‘ಕ್ಯಾನ್’ ಎಂದು ಕೇಳಿಸಿದರೆ ಅದು ಬಹುಪಾಲು ನಕಾರ! ನಾನು ‘ಕಾಂಟ್’ ಬರುತ್ತದೇನೋ ಎಂದು ಕಾಯುತ್ತಿದ್ದೆ. ಅದು ಬರಲೇ ಇಲ್ಲ.

ಯಾರೂ ಬೈಯಲಿಲ್ಲ. ಗಿರಾಕಿಯ ಫೋನ್ ಬಂದರೆ ನನ್ನನ್ನು ಕರೆಯುವುದನ್ನು ಬಿಟ್ಟರು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಹಟಕ್ಕೆ ಬಿದ್ದು ಆನ್‌ಲೈನ್ ಉಪನ್ಯಾಸಗಳನ್ನು ಕೇಳಲು ಕೂತೆ. ಐಐಟಿಗಳೂ ನಮ್ಮ ಬೆಂಗಳೂರಿನ ಐಐಎಸ್‌ಸಿಯೂ ಸೇರಿ ನಡೆಸುವ ಎನ್‌ಪಿಟಿಇಎಲ್ ಪಾಠಗಳಿಂದ ಶುರು. ಎಲ್ಲ ಅರ್ಥವಾಯಿತು, ಕಿವಿಗೆ ಲಾಭವೇನೂ ಆಗಲಿಲ್ಲ. ನಮ್ಮ ಮೇಷ್ಟ್ರುಗಳು ಇಂಗ್ಲಿಷನ್ನೂ ಕನ್ನಡದ ಹಾಗೆ, ತಮಿಳಿನ ಹಾಗೆ ಅಕ್ಷರ ಅಕ್ಷರಕ್ಕೂ ಸಮಪಾಲು ಕೊಟ್ಟು ಹೇಳುತ್ತಾರೆ. ‘ಕಂಫರ್ಟೇಬಲ್’ ಎಂದರೆ ಅದರ ಎಲ್ಲ ಸ್ವರಗಳೂ ಹಾಜರು. ಆ ಕಡೆಯವರದು ‘ಕಂಫ್ಟಬ್ಲ್’. ಒತ್ತು ಬಿದ್ದ ಅಕ್ಷರ ನಿಲ್ಲುತ್ತದೆ, ಉಳಿದವನ್ನು ನುಂಗುತ್ತಾರೆ. ನಾನು ಕಲಿಯಬೇಕಾಗಿದ್ದದ್ದು ಪದಗಳನ್ನಲ್ಲ, ಈ ನುಂಗುವಿಕೆಯನ್ನು.

ಆಗ ಎಂಐಟಿಯ ಓಪನ್‌ಕೋರ್ಸ್‌ವೇರ್‌ಗೆ ಹೋದೆ. ಗಿಲ್ಬರ್ಟ್ ಸ್ಟ್ರ್ಯಾಂಗ್ ಅವರ ಲೀನಿಯರ್ ಆಲ್‌ಜೀಬ್ರಾ ಪಾಠಗಳು, 1999ರಲ್ಲಿ ಚಿತ್ರಿಸಿದವು. ಸೀಮೆಸುಣ್ಣ ಹಿಡಿದು, ನಡುನಡುವೆ ನಿಂತು, ತಾವೇ ಯೋಚಿಸುತ್ತಿರುವಂತೆ ಹೇಳುವ ಮನುಷ್ಯ. ಎರಡು ತಿಂಗಳು ಸಬ್‌ಟೈಟಲ್ ಹಾಕಿಕೊಂಡು ನೋಡಿದೆ. ಪೂರ್ತಿ ಅರ್ಥವಾಗುತ್ತಿದೆ ಎಂದು ಬೀಗಿದೆ. ಒಂದು ದಿನ ಫೋನ್ ಒಲೆಯ ಪಕ್ಕ ಇಟ್ಟು, ತೆರೆಯತ್ತ ನೋಡದೆ ಚಪಾತಿ ಲಟ್ಟಿಸುತ್ತ ಕೇಳಿದೆ. ಅರ್ಧಕ್ಕರ್ಧ ಕೈಬಿಟ್ಟು ಹೋಯಿತು. ಎರಡು ತಿಂಗಳು ನಾನು ಕೇಳಿರಲೇ ಇಲ್ಲ, ಓದಿದ್ದೆ.

ಅಹಮದಾಬಾದಿನ ಐಐಎಂನಲ್ಲಿ ಬ್ರಿಜ್ ಕೊಠಾರಿ ಅವರು 1996ರಲ್ಲಿ ಒಂದು ಕೆಲಸ ಆರಂಭಿಸಿದರು. ಟಿವಿಯ ಸಿನಿಮಾ ಹಾಡುಗಳಿಗೆ ಅದೇ ಭಾಷೆಯ ಅಕ್ಷರಗಳನ್ನು ಕೆಳಗೆ ಓಡಿಸಿದರೆ, ಅರೆಬರೆ ಓದು ಬಲ್ಲವರು ತಮಗೇ ಗೊತ್ತಿಲ್ಲದೆ ಓದುತ್ತ ಹೋಗುತ್ತಾರೆ ಎಂಬುದು ಅದರ ತಿರುಳು. ಅಕ್ಷರ ಕಂಡರೆ ಕಣ್ಣು ಅಪ್ಪಣೆ ಕೇಳುವುದಿಲ್ಲ. ಓದು ಕಲಿಸಲು ಅದು ವರ. ಓದು ಮೊದಲೇ ಬಂದು ಕಿವಿ ಹಿಂದುಳಿದಿರುವ ನನ್ನಂಥವರಿಗೆ ಅದೇ ತೊಡಕು.

ಆಮೇಲೆ ಕ್ರಮ ಬದಲಿಸಿದೆ. ದಿನಕ್ಕೆ ಎರಡೇ ನಿಮಿಷದ ತುಂಡು. ಮೊದಲು ಅಕ್ಷರವಿಲ್ಲದೆ ಮೂರು ಸಲ ಕೇಳಿ, ಕೇಳಿಸಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆಯುವುದು, ಕೇಳಿಸದಲ್ಲಿ ಗೆರೆ ಎಳೆಯುವುದು. ಆಮೇಲೆ ಸಬ್‌ಟೈಟಲ್ ಹಾಕಿ ತಾಳೆ ನೋಡುವುದು. ಕೊನೆಗೆ ಆರಿಸಿ ಇನ್ನೊಮ್ಮೆ ಕೇಳುವುದು. ನಾನು ಬಿಟ್ಟ ಗೆರೆಗಳಲ್ಲಿ ಕಷ್ಟದ ಪದ ಇದ್ದದ್ದು ಕಡಿಮೆ. ಇದ್ದವೆಲ್ಲ ‘ಆಫ್’, ‘ಟು’, ‘ಹ್ಯಾವ್’, ‘ದೆಮ್’ನಂಥ ಬಡಪಾಯಿಗಳು. ವೇಗ ಇಳಿಸಿ ನೋಡಿದೆ, ಅದರಿಂದ ಉಪಯೋಗವಾಗಲಿಲ್ಲ. ನುಂಗಿದ ಸ್ವರ ನಿಧಾನ ಮಾಡಿದರೂ ನುಂಗಿದ್ದೇ. ಯಂತ್ರ ತಾನಾಗಿ ಬರೆಯುವ ಸಬ್‌ಟೈಟಲನ್ನು ನಂಬಬೇಡಿ, ಅದೂ ನನ್ನ ಹಾಗೆ ತಪ್ಪು ಕೇಳಿಸಿಕೊಳ್ಳುತ್ತದೆ.

ಇಷ್ಟಾದ ಮೇಲೆ ಸಿಕ್ಕವನು ದೌಲತಾಬಾದಿನ ಹುಡುಗ. ಗದಗಿನಿಂದ ನೆಂಟರು ಬಂದರೆ ವೇರೂಳಕ್ಕೆ, ಅಂದರೆ ಎಲ್ಲೋರಕ್ಕೆ, ಹೋಗುವ ದಾರಿಯಲ್ಲಿ ಈ ಕೋಟೆಗೆ ಕರೆದೊಯ್ಯುವುದು ನನ್ನ ಪಾಲಿನ ಕೆಲಸ. ಇದು ಸೇವುಣರ ದೇವಗಿರಿ, ಅವರ ಎಷ್ಟೋ ಶಾಸನಗಳು ಕನ್ನಡದಲ್ಲಿವೆ ಎಂದು ಒಂದಿಷ್ಟು ಜಂಬವನ್ನೂ ಬಡಿಸುತ್ತೇನೆ. ಹುಡುಗ ಅಲ್ಲಿ ಗೈಡ್. ಇಂಗ್ಲಿಷ್ ಭಾಷಣ ಬಾಯಿಪಾಠ: 1296ರಲ್ಲಿ ಖಿಲ್ಜಿಯ ದಾಳಿ, 1327ರಲ್ಲಿ ತುಘಲಕ್ ರಾಜಧಾನಿ ತಂದದ್ದು, ಚೀನಿ ಮಹಲಿನಲ್ಲಿ ಗೋಲ್ಕೊಂಡದ ಕೊನೆಯ ಸುಲ್ತಾನ ಸೆರೆಯಾಗಿದ್ದದ್ದು. ಎಲ್ಲೂ ತಡವರಿಸುವುದಿಲ್ಲ. ಅವತ್ತು ಅವನ ಜೊತೆಗಿದ್ದ ವಿದೇಶಿ ಹೆಂಗಸು ‘ವಾಡಿಡ್‌ದೇ ಡೂ ಫ ವಾಟ’ ಎಂದಳು. ಅಷ್ಟು ಎತ್ತರದಲ್ಲಿ ನೀರಿಗೇನು ಮಾಡುತ್ತಿದ್ದರು ಎಂದು. ಹುಡುಗ ನಗುತ್ತ ‘1327, ಮೇಡಂ’ ಎಂದ. ಅವಳು ಮುಂದೆ ಏನನ್ನೂ ಕೇಳಲಿಲ್ಲ. ಕೆಳಗೇ ಹಾಥಿ ಹೌದ್ ಎಂಬ ದೊಡ್ಡ ತೊಟ್ಟಿ ಇದೆ, ಅವನೇ ತೋರಿಸಿಕೊಂಡು ಬಂದಿದ್ದ.

ಅವನ ಮುಖದಲ್ಲಿ ನನ್ನ ಫೋನಿನ ದಿನ ಕಂಡಿತು. ಹೊರಡುವಾಗ ಪಕ್ಕಕ್ಕೆ ಕರೆದು ಹಿಂದಿಯಲ್ಲಿ ನನ್ನ ಕಥೆ ಹೇಳಿದೆ. ಲೀನಿಯರ್ ಆಲ್‌ಜೀಬ್ರಾ ಅವನಿಗೆ ಏನಕ್ಕೆ? ಯುರೋಪಿನ ಕೋಟೆಗಳ ಮೇಲಿನ ಉಪನ್ಯಾಸಗಳನ್ನು ಹುಡುಕಿ ಕಳಿಸಿದೆ. ಕಂದಕ, ಬುರುಜು, ಮುತ್ತಿಗೆ, ಈ ಪದಗಳ ಇಂಗ್ಲಿಷ್ ಅವನಿಗೆ ನೀರು ಕುಡಿದಷ್ಟು ಸಲೀಸು. ಗೊತ್ತಿರುವ ವಿಷಯವಾದರೆ ಮುಂದೇನು ಬರಬಹುದೆಂದು ತಲೆ ಊಹಿಸುತ್ತದೆ, ಕಿವಿಯ ಹೊರೆ ಅಷ್ಟು ಇಳಿಯುತ್ತದೆ. ಅಕ್ಷರ ನೋಡದೆ ಕೇಳು ಎಂದಾಗ ಅವನೇ ‘ಅಂಧೇರಿಯಲ್ಲಿ ನಡೆದ ಹಾಗೆ’ ಎಂದ. ಶತ್ರುಗಳ ದಿಕ್ಕು ತಪ್ಪಿಸಲು ಕೊರೆದ ಆ ಕತ್ತಲ ಸುರಂಗದಲ್ಲಿ ಅವನು ಟಾರ್ಚ್ ಆರಿಸಿ ಜನರನ್ನು ಹೆದರಿಸುವುದುಂಟು.

ಎಲ್ಲ ಸಾಧಿಸಿದ ಎಂದುಕೊಳ್ಳಬೇಡಿ. ಉಪನ್ಯಾಸ ತೊಳೆದಿಟ್ಟ ಮಾತು. ಒಬ್ಬನೇ ಮಾತಾಡುತ್ತಾನೆ, ನಡುವೆ ಬಾಯಿ ಹಾಕುವವರಿಲ್ಲ, ಗಾಳಿಯ ಸದ್ದಿಲ್ಲ. ಕೋಟೆಯ ಮೆಟ್ಟಿಲ ಮೇಲೆ ಏದುಸಿರು ಬಿಡುತ್ತ ಕೊರಿಯಾದವರು, ಫ್ರಾನ್ಸಿನವರು ಆಡುವ ಇಂಗ್ಲಿಷ್ ಯಾವ ವಿಡಿಯೋದಲ್ಲೂ ಇಲ್ಲ. ಒಂದು ಆಸ್ಟ್ರೇಲಿಯಾ ಕುಟುಂಬ ತನ್ನನ್ನು ಪೂರ್ತಿ ಮುಳುಗಿಸಿತು ಎಂದು ಹುಡುಗ ಮೆಸೇಜ್ ಮಾಡಿದ್ದ. ಆದರೆ ಈಗ ನಕ್ಕು ಇಸವಿ ಹೇಳುವುದಿಲ್ಲ, ‘ಇನ್ನೊಮ್ಮೆ ಹೇಳಿ’ ಎನ್ನುತ್ತಾನೆ. ನಾನೂ ಅಷ್ಟೇ. ಫೋನುಗಳು ಮತ್ತೆ ನನ್ನ ಮೇಜಿಗೆ ಬರುತ್ತಿವೆ. ಮಾತು ಮುಗಿದ ಕೂಡಲೇ ‘ನೀವು ಹೇಳಿದ್ದು ಹೀಗೆ, ಸರಿಯೇ?’ ಎಂದು ಇಮೇಲ್ ಬರೆಯುತ್ತೇನೆ.

ಕಳೆದ ಸೀತಾಫಲದ ಕಾಲದಲ್ಲಿ ಕೋಟೆಗೆ ಹೋಗಿದ್ದೆ. ಬುಟ್ಟಿಯವಳ ಹತ್ತಿರ ಚೌಕಾಸಿ ಮಾಡುತ್ತಿದ್ದಾಗ ಬೆವರಿಳಿಯುತ್ತಿದ್ದ ಒಬ್ಬ ವಯಸ್ಸಾದ ಬ್ರಿಟಿಷ್ ಗಂಡಸು ನನ್ನ ಕಡೆ ತಿರುಗಿ ‘ಇಜ್‌ದೆರಲೂ’ ಎಂದೇನೋ ಅಂದ. ಮೂರು ಸಲ ಅಂದ. ನಾನು ಸೀತಾಫಲದ ಬೆಲೆ ಹೇಳಿದೆ. ಅಷ್ಟರಲ್ಲಿ ಹುಡುಗ ಓಡಿ ಬಂದು ಗೇಟಿನ ಬಲಗಡೆ ಕೈ ತೋರಿಸಿದ. ಮುದುಕ ದಡದಡನೆ ಆ ಕಡೆ ನಡೆದ.

‘ಟಾಯ್ಲೆಟ್ ಕೇಳಿದರು, ತಾಈ,’ ಎಂದ ಹುಡುಗ.