ಬಳಪದ ಕಲ್ಲು, ಹೆಬ್ಬೆರಳಿನ ಹರಳು

ಹೂವಿನಹಡಗಲಿಯಿಂದ ಬಂದ ಬಸ್ಸು ಹಿರೇಹಡಗಲಿಯಲ್ಲಿ ಇಳಿಸಿದಾಗ ಬಿಸಿಲು ಇನ್ನೂ ಎಳೆಯದಾಗಿತ್ತು. ಬೆಂಗಳೂರಿನಲ್ಲಿ ಇಪ್ಪತ್ತು ವರ್ಷ ಕುರ್ಚಿಗೆ ಅಂಟಿ ಕೂತ ನನಗೆ ಬಲಗಾಲಿನ ಹೆಬ್ಬೆರಳು ಹೆಜ್ಜೆ ಹೆಜ್ಜೆಗೂ ನೋಯುತ್ತಿತ್ತು. ಹಿಂದಿನ ತಿಂಗಳ ತಪಾಸಣೆಯಲ್ಲಿ ಯೂರಿಕ್ ಆಸಿಡ್ 8.4, ಬಿಪಿ 150/96 ಬಂದಿತ್ತು. ಮಾತ್ರೆಯ ಚೀಟಿ ಇನ್ನೂ ಜೇಬಿನಲ್ಲೇ ಇತ್ತು.

ಕಲ್ಲೇಶ್ವರನ ಗುಡಿಯ ಮುಂದೆ ನಿಂತಾಗ ನೋವು ಮರೆತೇಹೋಯಿತು! ಕಲ್ಯಾಣದ ಚಾಲುಕ್ಯ ದೊರೆ ಒಂದನೇ ಸೋಮೇಶ್ವರನ ಮಂತ್ರಿ ದೇಮರಸ 1057ರಲ್ಲಿ ಕಟ್ಟಿಸಿದ ಗುಡಿಯಿದು. ಬಾಗಿಲವಾಡದ ಕೆತ್ತನೆಯ ಮೇಲೆ ಬೆರಳಾಡಿಸಿದೆ. ಬಳಪದ ಕಲ್ಲು ಉಳಿಗೆ ಮೆತ್ತಗೆ ಒಲಿಯುತ್ತದೆ, ಆಮೇಲೆ ಗಾಳಿ ತಾಗುತ್ತ ಗಟ್ಟಿಯಾಗುತ್ತದೆ ಎನ್ನುತ್ತಾರೆ. ಸಾವಿರ ವರ್ಷಕ್ಕೆ ಹತ್ತಿರವಾದರೂ ಬಳ್ಳಿಯ ಸುರುಳಿ ಮಾಸಿಲ್ಲ. ನನ್ನ ಕಾಲಿನ ಹೆಬ್ಬೆರಳಿನ ಸಂದಿನಲ್ಲೂ ಕಲ್ಲು ಮೂಡುತ್ತಿದೆಯಲ್ಲ ಎಂದು ಆಗ ಹೊಳೆಯಿತು.

ನನ್ನೊಳಗಿನ ಆ ಕಲ್ಲಿನ ಕಥೆ ಗುಡಿಗಿಂತ ಎಷ್ಟೋ ಹಳೆಯದು. ಸವೆದ ಜೀವಕೋಶಗಳಲ್ಲಿನ ಮತ್ತು ಊಟದಲ್ಲಿನ ಪ್ಯೂರಿನ್ ಒಡೆದು ಯೂರಿಕ್ ಆಸಿಡ್ ಆಗುತ್ತದೆ. ಹೆಚ್ಚಿನ ಸಸ್ತನಿಗಳಲ್ಲಿ ಯೂರಿಕೇಸ್ ಎಂಬ ಕಿಣ್ವ ಅದನ್ನು ಒಡೆದುಬಿಡುತ್ತದೆ. ನಮ್ಮ ವಾನರ ಪೂರ್ವಜರು ಸುಮಾರು ಒಂದೂವರೆ ಕೋಟಿ ವರ್ಷಗಳ ಹಿಂದೆ ಆ ಕಿಣ್ವವನ್ನು ಕಳೆದುಕೊಂಡರು. ಹಣ್ಣು ಸಿಗದ ದಿನಗಳಲ್ಲಿ ಕೊಬ್ಬು ಕೂಡಿಡಲು, ಉಪ್ಪು ಕಡಿಮೆಯಾದರೂ ರಕ್ತದ ಒತ್ತಡ ಕುಸಿಯದಿರಲು ಈ ಕೊರತೆಯೇ ನೆರವಾಗಿರಬೇಕು ಎಂಬುದು ಕೆಲವು ವಿಜ್ಞಾನಿಗಳ ಊಹೆ. 1876–78ರ ಬರ ಈ ಬಳ್ಳಾರಿ ಸೀಮೆಯನ್ನು ಹಿಂಡಿದ್ದನ್ನು ನೆನೆದಾಗ ಆ ಊಹೆ ನನ್ನ ಮೈ ಜುಮ್ಮೆನಿಸಿತು. ಹಸಿವನ್ನು ದಾಟಿಸಿದ ದೇಹ ಇದು!

ಅದೇ ದೇಹಕ್ಕೆ ಪಟ್ಟಣ ದಿನವೂ ಹಬ್ಬದೂಟ ಹಾಕುತ್ತದೆ. ಸಿಹಿ ಪಾನೀಯದ ಫ್ರಕ್ಟೋಸ್ ಯಕೃತ್ತಿನಲ್ಲಿ ಕರಗುವಾಗ ಯೂರಿಕ್ ಆಸಿಡ್ ಏರುತ್ತದೆ. ಬಿಯರು, ಅತಿಯಾದ ಮಾಂಸವೂ ಏರಿಸುತ್ತವೆ. ರಕ್ತದಲ್ಲಿ ಡೆಸಿಲೀಟರಿಗೆ 6.8 ಮಿಲಿಗ್ರಾಂ ದಾಟಿದರೆ ಯೂರಿಕ್ ಆಸಿಡ್ ಸಂದಿನಲ್ಲಿ ಸೂಜಿಯಂಥ ಹರಳಾಗತೊಡಗಬಹುದು. ರಕ್ತದಲ್ಲಿ ಕಾವಲುಗಾರನಂತೆ ಸವೆತವನ್ನು ತಡೆಯುವ ಇದೇ ವಸ್ತು, ಜೀವಕೋಶದ ಒಳಗೆ ಹೆಚ್ಚಾದಾಗ ಉರಿಯನ್ನು ಕೆದಕುತ್ತದೆ. ಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯಾ ಬಳಲುತ್ತವೆ, ರಕ್ತನಾಳ ಸಡಿಲಿಸುವ ನೈಟ್ರಿಕ್ ಆಕ್ಸೈಡ್ ಕುಗ್ಗುತ್ತದೆ ಎಂದು ಪ್ರಯೋಗಾಲಯಗಳು ತೋರಿಸಿವೆ. ಬಿಗಿದ ನಾಳ, ಏರಿದ ಒತ್ತಡ, ವಯಸ್ಸಿಗೆ ಮುಂಚೆ ಮುಪ್ಪಾಗುವ ಕೋಶ ಇವು ಹೀಗೆ ಒಂದೇ ಎಳೆಯಲ್ಲಿ ಸೇರಬಹುದು.

ಗುಡಿಯ ಕಟ್ಟೆಯ ಮೇಲೆ ಅಜ್ಜಿಯೊಬ್ಬರು ಬುತ್ತಿ ಬಿಚ್ಚಿದ್ದರು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಈರುಳ್ಳಿ.

“ಯಾಕಪಾ ತಮ್ಮಾ, ಕಾಲೆಳ್ಕಂತ ಬರಾಕತ್ತಿ?”

ಹೇಳಿದೆ. ಅರ್ಧ ರೊಟ್ಟಿ ಮುರಿದು ಕೈಗಿಟ್ಟರು. “ಹೊಲದಾಗ ದುಡಿಯೋರಿಗೆ ಇದ್ಯಾವುದೂ ಇರಲ್ಲ, ಅಲ್ಲವಾ ಅಜ್ಜಿ?” ಎಂದೆ.

“ಯಾರಂದ್ರು? ನನಗೂ ಬಿಪಿ ಐತಿ. ದಿನಾ ಗುಳಿಗಿ ತಗಂತೀನಿ, ಹೊಲಕ್ಕೂ ಹೋಗ್ತೀನಿ. ನೀ ತಗಂತೀಯಿಲ್ಲ?”

ನನಗೆ ತಲೆ ಎತ್ತಲಾಗಲಿಲ್ಲ. ಹಳ್ಳಿಯ ಗಾಳಿಯೇ ಮದ್ದು ಎಂದು ನಂಬಿ ಬಂದಿದ್ದೆ. ಅಜ್ಜಿಗೆ ಆ ಭ್ರಮೆ ಇರಲಿಲ್ಲ. ದುಡಿಮೆಯ ಜೊತೆಗೆ ಗುಳಿಗೆ, ಗುಳಿಗೆಯ ಜೊತೆಗೆ ದುಡಿಮೆ. ಅಷ್ಟೇ ಅವರ ಲೆಕ್ಕ.

ಗುಡಿಯನ್ನು ಮತ್ತೊಂದು ಸುತ್ತು ಬಂದೆ. ಕಲ್ಲಿನಲ್ಲಿ ಮೂಡಿದ್ದನ್ನು ಅಳಿಸಲಾಗದು, ಬೆರಳಿನ ಹರಳನ್ನು ಕರಗಿಸಬಹುದು. ಸಾಕಷ್ಟು ನೀರು, ನಡಿಗೆ, ಕಡಿಮೆ ಸಕ್ಕರೆ, ದಿನಕ್ಕೆ 5 ಗ್ರಾಂ ಮೀರದ ಉಪ್ಪು, ವೈದ್ಯರು ಬರೆದ ಮದ್ದು ಎಲ್ಲವೂ ಬೇಕು.

ಬಿಪಿ ಏರಿದರೂ ಬಹುಮಂದಿಗೆ ಯಾವ ನೋವೂ ಇರುವುದಿಲ್ಲ. ಹೆಬ್ಬೆರಳು ಕೂಗುವವರೆಗೆ ಕಾಯಬೇಡಿ. ಈ ವಾರವೇ ತೋಳಿಗೆ ಪಟ್ಟಿ ಕಟ್ಟಿಸಿಕೊಂಡು ನೋಡಿಸಿ. ಜೇಬಿನಲ್ಲಿ ಚೀಟಿ ಇದ್ದರೆ ಇವತ್ತೇ ಮದ್ದಿನಂಗಡಿಗೆ ಹೋಗಿ.