ಬೋಲ್ಟ್ ಬಿಚ್ಚಿದೆ, ಫ್ರೇಮ್ ಕತ್ತರಿಸಲಿಲ್ಲ

ಕೊವೆಂಟ್ರಿಗೆ ಕೆಲಸಕ್ಕೆ ಬಂದ ಎರಡನೇ ವರ್ಷ 1969ರ ಟ್ರಯಂಫ್ ಬಾನ್‌ವಿಲ್ ಕೊಂಡೆ. ಇಲ್ಲೇ ಪಕ್ಕದ ಮೆರಿಡೆನ್‌ನಲ್ಲಿ ತಯಾರಾದ 649 ಸಿಸಿ ಬೈಕು. ಆ ಫ್ಯಾಕ್ಟರಿ 1983ರಲ್ಲೇ ಮುಚ್ಚಿತು, ಈಗ ಅಲ್ಲಿ ಮನೆಗಳಿವೆ.

ನನಗೆ ಬೇಕಿದ್ದದ್ದು ಹಾರ್ಡ್‌ಟೇಲ್ ಬಾಬರ್. ಅಂದ್ರೆ ಮಡ್‌ಗಾರ್ಡ್ ಗಿಡ್ಡ, ಸೀಟು ಒಂದೇ, ಹಿಂದೆ ಶಾಕ್ ಅಬ್ಸಾರ್ಬರೇ ಇಲ್ಲ. ವಿಡಿಯೋ ಕಾಲ್‌ನಲ್ಲಿ ಅಪ್ಪ ನಕ್ಕರು: "ಇರೋದನ್ನ ತೆಗೆಯೋಕೆ ದುಡ್ಡು ಖರ್ಚು ಮಾಡ್ತೀಯೇನೋ?"

ಬೈಕು ಮಾರಿದ ಅಜ್ಜ ಮಾತ್ರ ನಗಲಿಲ್ಲ. 40 ವರ್ಷ ಓಡಿಸಿದ್ದ ಗಾಡಿ. "ಫ್ರೇಮ್ ಕತ್ತರಿಸ್ತೀರಾ?" ಅಂತ ಕೇಳಿದರು.

ಕೋಡ್ ಆದ್ರೆ ಹಳೇ ವರ್ಷನ್‌ಗೆ ವಾಪಸ್ ಹೋಗಬಹುದು. ಕತ್ತರಿಸಿದ ಕಬ್ಬಿಣಕ್ಕೆ ಆ ಸೌಲಭ್ಯ ಇಲ್ಲ. ಪುಣ್ಯಕ್ಕೆ ಈ ಮಾಡೆಲ್‌ನಲ್ಲಿ ಫ್ರೇಮಿನ ಹಿಂಭಾಗ ಬೋಲ್ಟ್ ಹಾಕಿ ಕೂಡಿಸಿದ ಬೇರೆ ತುಂಡು. 1971ರ ಮಾಡೆಲ್‌ನಲ್ಲಿ ಫ್ರೇಮಿನೊಳಗೇ ಆಯಿಲ್ ತುಂಬುವ ವಿನ್ಯಾಸ ಬಂತು. ಅದನ್ನು ಹಾರ್ಡ್‌ಟೇಲ್ ಮಾಡಲು ಗರಗಸ, ವೆಲ್ಡಿಂಗ್ ಬೇಕು. ನಾನು ಬೋಲ್ಟ್ ಬಿಚ್ಚಿ ಹೊಸ ಹಿಂಭಾಗ ಜೋಡಿಸಿದೆ.

ಈಗ ಸೀಟಿನ ಸ್ಪ್ರಿಂಗು, ಟೈರಿನ ಗಾಳಿಯಷ್ಟೇ ಬೆನ್ನಿಗೆ ಆಸರೆ. ಪ್ರತಿ ಗುಂಡಿಯೂ ಸೊಂಟಕ್ಕೆ ಗೊತ್ತಾಗುತ್ತೆ. ಆದರೂ ಭಾನುವಾರ ಬಂದರೆ ಮನೆಯಲ್ಲಿ ಕೂರೋಕಾಗಲ್ಲ.

ತೆಗೆದ ಭಾಗಗಳಿಗೆ ಗ್ರೀಸ್ ಸವರಿ, ಚೀಟಿ ಅಂಟಿಸಿ ಇಟ್ಟಿದ್ದೇನೆ. ಮುಂದೆ ಯಾರಾದ್ರೂ ಇದನ್ನು ಮೊದಲಿನಂತೆ ಮಾಡ್ಕೋಬೇಕು ಅಂದ್ರೆ, ಗರಗಸ ಬೇಡ, ಸ್ಪ್ಯಾನರ್ ಸಾಕು.