ಅಂಚು ತಿರುಗುವ ಕಡೆ

ಅಹಮದಾಬಾದಿನ ಬೋಪಲ್‌ನಲ್ಲಿ ಕೂತು ಸೂರತ್‌ನ ಮುದ್ರಣ ಗಿರಣಿಗಳಿಗೆ ಸೀರೆ, ದುಪಟ್ಟಾಗಳ ಡಿಸೈನ್ ಮಾಡಿಕೊಡುವುದು ನನ್ನ ಹೊಟ್ಟೆಪಾಡು. ಫೋಟೊಶಾಪ್‌ನ ಒಂದು ಲೇಯರಿನಲ್ಲಿ ಎಸಳೊಂದನ್ನು ಬರೆದು, ಕಂಟ್ರೋಲ್-ಆಲ್ಟ್-ಟಿ ಒತ್ತಿ, ತಿರುಗುವ ಕೇಂದ್ರವನ್ನು ಎಸಳಿನ ಬುಡಕ್ಕೆ ಎಳೆದು, 30 ಡಿಗ್ರಿ ತಿರುಗಿಸಿ ಎಂಟರ್ ಒತ್ತುತ್ತೇನೆ. ಎರಡನೆಯ ಎಸಳು ಮೂಡುತ್ತದೆ. ಅದೇ ಕೀಗಳಿಗೆ ಶಿಫ್ಟ್ ಸೇರಿಸಿ ಇನ್ನು 10 ಸಲ ಒತ್ತಿದರೆ 12 ಎಸಳಿನ ಹೂವು ಪೂರ್ತಿ. ತಿರುಗಿಸುವಾಗಲೇ ಗಾತ್ರವನ್ನು ಶೇ 90ಕ್ಕೆ ಇಳಿಸಿದರೆ ಮುಂದಿನದು ಶೇ 81, ಅದರ ಮುಂದಿನದು ಶೇ 72.9, ಎಸಳುಗಳು ಸುರುಳಿಯಾಗಿ ಒಳಸರಿಯುತ್ತವೆ. ಪ್ರತಿ ನಕಲೂ ಹಿಂದಿನ ನಕಲಿನಿಂದ ಹುಟ್ಟುವುದರಿಂದ ಗೆರೆ ಮಸುಕಾಗುತ್ತ ಹೋಗುತ್ತದೆ. ಮೊದಲೇ ಸ್ಮಾರ್ಟ್ ಆಬ್ಜೆಕ್ಟ್ ಮಾಡಿಕೊಂಡರೆ ಆ ತೊಂದರೆ ಇಲ್ಲ.

ಆ ಹತ್ತು ಸಲ ಒತ್ತುವಾಗ ನನ್ನ ಕಣ್ಣು ಏನನ್ನು ನೋಡುತ್ತದೆ? ಏನನ್ನೂ ಇಲ್ಲ. ಕೆಲಸ ಬೇಗ ಮುಗಿಯುತ್ತದೆ ಎಂಬುದು ಗಿರಾಕಿಗೆ ಹೇಳುವ ಕಾರಣ. ಒಳಗಿನ ಕಾರಣ ಬೇರೆ: ಅಷ್ಟು ಹೊತ್ತು ಯಾವುದನ್ನೂ ನಿರ್ಧರಿಸಬೇಕಿಲ್ಲ ಎಂಬ ನಿರಾಳ. ಅದು ನನಗೆ ಬಹಳ ಇಷ್ಟ.

ಗಿರಣಿಯಲ್ಲಿ ಸುತ್ತುತ್ತ ಬಟ್ಟೆಗೆ ಬಣ್ಣ ಒತ್ತುವ ರೋಟರಿ ಪರದೆಯ ಸುತ್ತಳತೆ ಸಾಮಾನ್ಯವಾಗಿ 64 ಸೆಂ.ಮೀ. ಪರದೆ ಒಂದು ಸುತ್ತು ಬಂದರೆ ಡಿಸೈನ್ ಮೊದಲಿಂದ ಶುರುವಾಗಲೇಬೇಕು. ಡಿಜಿಟಲ್ ಮುದ್ರಣಕ್ಕೆ ಈ ಕಟ್ಟಿಲ್ಲ. ಒಂದು ಹೂವಿನಂತೆ ಇನ್ನೊಂದು ಇರಲಿ ಎಂದು ಯಂತ್ರ ಕೇಳುವುದಿಲ್ಲ. ಕೇಳುತ್ತಿರುವವನು ನಾನೇ.

ಅವ್ವ ಧಾರವಾಡದ ಮನೆಯಲ್ಲಿ ಇಳಕಲ್ ಸೀರೆಗೆ ಕಸೂತಿ ಹಾಕುತ್ತಿದ್ದಳು. ಅಲ್ಲಿಯೂ ಗೋಪುರದ ಪಕ್ಕ ಗೋಪುರ, ತೇರಿನ ಪಕ್ಕ ತೇರು. ಆದರೆ ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವಂತಿಲ್ಲ, ಎಳೆ ಎಣಿಸಿಯೇ ಸೂಜಿ ಚುಚ್ಚಬೇಕು. ಗವಂತಿ ಹೊಲಿಗೆಯಲ್ಲಿ ಸೂಜಿ ಎಡೆ ಬಿಟ್ಟು ಎಡೆ ತುಂಬುತ್ತ ಹೋಗಿ, ಮರಳಿ ಬರುವಾಗ ಬಿಟ್ಟದ್ದನ್ನು ತುಂಬುತ್ತದೆ. ಪ್ರತಿ ಗೋಪುರದ ಮೇಲೂ ಅವಳ ಕಣ್ಣು ಎರಡು ಸಲ ಹಾಯುತ್ತಿತ್ತು. ನನ್ನನ್ನು ಕಾಡುವುದು ಮತ್ತೆ ಮತ್ತೆ ಬರುವ ಹೂವಲ್ಲ, ನಾನು ಮರಳಿ ಹೋಗಿ ನೋಡದಿರುವುದು.

ಅಂಥದೇ ಗೋಪುರಗಳನ್ನು ನಾನು ದುಪಟ್ಟಾದ ಅಂಚಿಗೆ ಹಾಕುವಾಗ, ಅಂಚು ಮೂಲೆಯಲ್ಲಿ ತಿರುಗುವ ಕಡೆ ಫೋಟೊಶಾಪ್‌ನ ಆ ಕೀಗಳು ಕೈಕೊಡುತ್ತವೆ. ಗೋಪುರಗಳ ಸಾಲು ಅರ್ಧ ಗೋಪುರಕ್ಕೆ ಬಂದು ನಿಲ್ಲುತ್ತದೆ. ಅಲ್ಲೊಂದು ದೊಡ್ಡ ಹೂವಿಟ್ಟು ಮುಚ್ಚಿಬಿಡುವ ಆಸೆ ಈಗಲೂ ಬರುತ್ತದೆ. ಅದಕ್ಕೇ ಮೂಲೆಯನ್ನು ಮೊದಲು ಬರೆದುಕೊಳ್ಳುತ್ತೇನೆ. ಅಲ್ಲಿಂದ ಎರಡೂ ಕಡೆಗೆ ಗೋಪುರಗಳನ್ನು ಹರಿಬಿಟ್ಟು, ನಡುವೆ ಕೂಡದೆ ಉಳಿದ ಜಾಗವನ್ನು ಕೈಯಿಂದಲೇ ತಿದ್ದುತ್ತೇನೆ. ಗಿರಾಕಿಗಳು ಇದಕ್ಕೆ ಹೆಚ್ಚು ದುಡ್ಡು ಕೊಡುವುದಿಲ್ಲ, ನಾನೂ ಕೇಳುವುದಿಲ್ಲ. ಇದನ್ನು ಕಸೂತಿ ಎಂದು ಮಾರಬೇಡಿ, ಮುದ್ರಣ ಎಂದೇ ಹೇಳಿ ಎಂದಷ್ಟೇ ಕೇಳಿಕೊಳ್ಳುತ್ತೇನೆ.